ಮ್ಮಾಸೆಗಾ ಗಾಡಿ ಎತ್ತಿದ್ದು

ಮೊಕೋಬಾ ಊರಿನ ದಾರಿ ಎಂದರೆ ಮರಳಿನಲ್ಲಿ ಕೊರೆದ ಎರಡು ಕಾಲುವೆ. ದೊಡ್ಡ ಲಾರಿಗಳು ಓಡಾಡಿ ಓಡಾಡಿ ಚಕ್ರದ ಜಾಡು ಮೊಣಕಾಲು ಮುಳುಗುವಷ್ಟು ಇಳಿದುಹೋಗಿದೆ. ನಡುವಿನ ದಿಣ್ಣೆ ಮಾತ್ರ ಹುಲ್ಲು ಹೊದ್ದುಕೊಂಡು ಎತ್ತರಕ್ಕೆ ಉಳಿದಿದೆ. ಆ ದಿಣ್ಣೆಯ ಮೇಲೆ ಒನ್ನೀಲೆಯ ಹಳೆಯ ಪಿಕಪ್ ಗಾಡಿ ಹೊಟ್ಟೆ ಊರಿ ಕೂತುಬಿಟ್ಟಿತು. ನಾಲ್ಕು ಚಕ್ರಗಳೂ ತಿರುಗುತ್ತಿದ್ದವು, ಮರಳು ಹಾರುತ್ತಿತ್ತು, ಗಾಡಿ ಮಾತ್ರ ಅಲ್ಲಾಡಲಿಲ್ಲ. ಅದರ ಬೆನ್ನ ಮೇಲೆ ಬಿಳಿ ಶಾಮಿಯಾನ, ಅದರ ಕಬ್ಬಿಣದ ಗಳುಗಳು, ಕುರ್ಚಿಗಳ ರಾಶಿ, ಮೂರು ಕಾಲಿನ ದೊಡ್ಡ ಹಂಡೆಗಳು. ಮೊಕೋಬಾದಲ್ಲಿ ಮದುವೆ ಅವತ್ತೇ, ನೆರಳು, ಅಡುಗೆ ಎರಡೂ ಅವಳದೇ ಹೊಣೆ.

ಒನ್ನೀಲೆ ಗುದ್ದಲಿ ಹಿಡಿದು ದಿಣ್ಣೆ ಅಗೆದಳು. ಗಂಡ ಮೊವಾಗಿ ಮೊಪಾನೆ ಮರದ ಕೊಂಬೆ ಮುರಿದು ತಂದು ಚಕ್ರದಡಿ ತುರುಕಿದ. ಗಾಡಿ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ಕೂತಿತು. ಮಳೆಗಾಲಕ್ಕೆ ಮುಂಚಿನ ಬಿಸಿಲು, ಮರಳು ಹುರಿದ ಹಿಟ್ಟಿನಂತೆ ಸಡಿಲ. ಹೊತ್ತು ನೆತ್ತಿಗೇರುತ್ತಿರುವುದನ್ನು ಕಂಡು ಅವಳು ಗಂಡನನ್ನು ಗಾಡಿಯ ಹತ್ತಿರ ಬಿಟ್ಟು, ಹತ್ತಿರದ ದನದ ದೊಡ್ಡಿಯವರೆಗೆ ನಡೆದುಹೋಗಿ ಕತ್ತೆಗಾಡಿ ಕಟ್ಟಿಸಿಕೊಂಡು ಬಂದಳು. ಶಾಮಿಯಾನದ ಗಳುಗಳು ಕತ್ತೆಗಾಡಿಗೆ ಹಿಡಿಸುವಂಥವಲ್ಲ. ಹಂಡೆ, ತಟ್ಟೆಗಳನ್ನಷ್ಟೇ ಹೇರಿಕೊಂಡು ಮೊಕೋಬಾ ಸೇರಿದಳು.

ಊಟ ಆಯಿತು, ನೆರಳು ಆಗಲಿಲ್ಲ. ಮದುಮಗಳು ಒಂದು ಕೊಡೆಯ ಕೆಳಗೆ ಕೂತಳು. ಮುಖಕ್ಕೆ ಹಚ್ಚಿದ್ದೆಲ್ಲ ಬೆವರಿನಲ್ಲಿ ಇಳಿದು ಬಿಳಿ ಉಡುಪಿನ ಕೊರಳಪಟ್ಟಿ ಕಂದು ಬಣ್ಣಕ್ಕೆ ತಿರುಗಿತು. ಅಜ್ಜಿಯರು ಕಂಬಳಿಯನ್ನು ತಲೆಯ ಮೇಲೆ ಹಿಡಿದುಕೊಂಡು ಪಾದ್ರಿಯ ಮಾತು ಕೇಳಿದರು. ಯಾರೂ ಒನ್ನೀಲೆಗೆ ಎದುರಿಗೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳ ಸ್ವಂತ ಊರು ಗುಮಾರೆಯಲ್ಲಿ ಮಾತ್ರ ಅನ್ನುವವರಿಗೆ ಬರವಿರಲಿಲ್ಲ. ವಾರ ಕಳೆಯುವುದರೊಳಗೆ ಅವಳ ಗಾಡಿಗೆ 'ಖುಡು' ಎಂಬ ಹೆಸರು ಬಿತ್ತು. ಖುಡು ಎಂದರೆ ಆಮೆ. ಪೆಟ್ರೋಲ್ ಬಂಕಿನಲ್ಲಿ, ಗಿರಣಿಯ ಮುಂದೆ, ಚರ್ಚಿನ ಬಾಗಿಲಲ್ಲಿ ಕೂಡ, ಆಮೆಗೆ ಇವತ್ತು ಎಷ್ಟು ಲೀಟರು ಕುಡಿಸ್ತೀಯ, ಆಮೆ ಮೊಟ್ಟೆ ಇಟ್ಟಿತಾ ಎಂದು ಕೇಳುವರು. ಆ ಹೆಸರಿಟ್ಟವನು ರ್ರಾ ಮೊಟ್ಲಾಲೆ. ರ್ರಾ ಎಂದರೆ ಅಪ್ಪ, ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಅವನದೂ ಶಾಮಿಯಾನ ಬಾಡಿಗೆಯ ವ್ಯಾಪಾರವೇ. ಆಳು ಆನೆಯಂತೆ, ದನಿ ನಗಾರಿಯಂತೆ. ಇದ್ದ ಲಾರಿ ಎತ್ತರದ್ದು, ಹೊಸದು. ಕೆಟ್ಟವನಲ್ಲ, ಆದರೆ ಒಂದು ತಮಾಷೆ ಕೈಗೆ ಸಿಕ್ಕಿದರೆ ಅದರ ರಸ ಪೂರಾ ಹಿಂಡದೆ ಬಿಡುವವನಲ್ಲ.

ಒನ್ನೀಲೆಯನ್ನು ಊರು ಕರೆಯುತ್ತಿದ್ದದ್ದು ಮ್ಮಾಸೆಗಾ, ಅಂದರೆ ಸೆಗಾಳ ಅಮ್ಮ ಎಂದು, ಅವಳ ಚೊಚ್ಚಲ ಮಗಳು ಸೆಗಾಮೆಟ್ಸಿಯ ಹೆಸರಿನ ಮೇಲೆ. ಒನ್ನೀಲೆಯ ಅಪ್ಪ ದನದ ಇಲಾಖೆಯ ಲಾರಿ ಓಡಿಸುತ್ತಿದ್ದ. ಕಾಲುಬಾಯಿ ರೋಗ ಹರಡದಂತೆ ಕಾಡಿನುದ್ದಕ್ಕೂ ಎಳೆದ ಬೇಲಿಯ ರಿಪೇರಿಗೆ ತಂತಿ, ಕಂಬ ಸಾಗಿಸುವ ಕೆಲಸ. ಚಿಕ್ಕಂದಿನಲ್ಲಿ ಒನ್ನೀಲೆ ರಜೆಯಲ್ಲೆಲ್ಲ ಅವನ ಜೊತೆ ಲಾರಿಯಲ್ಲೇ ಇರುತ್ತಿದ್ದಳು. ಅವನು ಗಾಡಿಯ ಕೆಳಗೆ ಮಲಗಿ ಕೈ ಚಾಚಿದರೆ ಇವಳು ಕೇಳದೇ ಸರಿಯಾದ ಪಾನಾ ಇಡುವಳು. ದೊಡ್ಡವಳಾದ ಮೇಲೆ ಪ್ರವಾಸಿಗಳ ಬಿಡಾರವೊಂದರಲ್ಲಿ ಅಡುಗೆಗೆ ಸೇರಿದಳು. ಮದುವೆಯಾಯಿತು, ಮಗಳು ಹುಟ್ಟಿದಳು. ಬೇರೆಯವರ ಮದುವೆಗೆ ಅಡುಗೆ ಮಾಡಿಕೊಡಲು ಹೋದಾಗ ಹಂಡೆ ಸಾಲುತ್ತಿಲ್ಲ ಎಂದು ಎರಡು ಹಂಡೆ ಕೊಂಡಳು. ಹಂಡೆ ಕೇಳಿದವರು ಕುರ್ಚಿ ಇದೆಯಾ ಎಂದರು. ಕುರ್ಚಿ ಕೊಂಡಳು. ಕುರ್ಚಿ ಒಯ್ದವರು ನೆರಳಿಗೇನು ಮಾಡೋಣ ಎಂದರು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂದು, ಕೊನೆಗೆ ಸರ್ಕಾರದ ಹರಾಜಿನಲ್ಲಿ ಈ ಪಿಕಪ್ಪೂ ಬಂತು. ಎಂಜಿನ್ನು ಗಟ್ಟಿ, ಮೈಯೂ ಗಟ್ಟಿ. ಆದರೆ ಅದನ್ನು ಹೊತ್ತ ಕಮಾನು ಪಟ್ಟಿಗಳು, ಬಿಲ್ಲಿನಂತೆ ಬಾಗಿರಬೇಕಾದ ಆ ಉಕ್ಕಿನ ಸ್ಪ್ರಿಂಗುಗಳು, ಭಾರ ಹೊತ್ತು ಹೊತ್ತು ಹಲಗೆಯಂತೆ ಚಪ್ಪಟೆಯಾಗಿದ್ದವು.

ಮುಂದಿನ ವರ್ಷ ಚಳಿ ಮುಗಿಯುವ ಹೊತ್ತಿಗೆ ಮೊಕೋಬಾದಿಂದ ರ್ರಾ ಹಬಾನ ಬಂದ. ಬಿಸಿಲಲ್ಲಿ ಬೆಂದ ಆ ಮದುಮಗಳ ಸೋದರಮಾವ ಅವನು. ಮದುವೆಯ ಮಾತೆಲ್ಲ ನಡೆಸುವವರು ಸೋದರಮಾವಂದಿರೇ. ಅಂಗಳದಲ್ಲಿ ಕೂತು, ಹಾಲು ಹಾಕಿದ ಚಹಾ ಕುಡಿದು, ದನಕರು, ಮಳೆ ಎಲ್ಲ ವಿಚಾರಿಸಿದ ಮೇಲೆ ವಿಷಯಕ್ಕೆ ಬಂದ. ಎರಡನೆಯ ಹುಡುಗಿಯ ಮದುವೆ ಗೊತ್ತಾಗಿದೆ. ಮನೆಯ ಹೆಂಗಸರೆಲ್ಲ ರ್ರಾ ಮೊಟ್ಲಾಲೆಯ ಶಾಮಿಯಾನವೇ ಬೇಕು ಅನ್ನುತ್ತಿದ್ದಾರೆ. ತಾನು ಮಾತ್ರ ಇನ್ನೂ ಒಪ್ಪಿಲ್ಲ.

"ಯಾಕೆ ಒಪ್ಪಿಲ್ಲ, ರ್ರಾ?" ಎಂದು ಒನ್ನೀಲೆ ಕೇಳಿದಳು. ಕೇಳುವಾಗ ತಲೆ ಎತ್ತಲಿಲ್ಲ.

"ಅವತ್ತು ನೀನು ಕತ್ತೆಗಾಡಿ ಮುಂದೆ ನಡ್ಕೊಂಡು ಬಂದೆಯಲ್ಲ, ಅದನ್ನ ನೋಡಿದೋನು ನಾನು," ಎಂದ ಅವನು. "ಬೇರೆಯವರಾಗಿದ್ರೆ ಗಾಡಿ ಕೆಟ್ಟಿತು ಅಂತ ಹೇಳಿ ಕಳಿಸ್ತಿದ್ರು. ನೀನು ಮುಖ ತೋರಿಸ್ದೆ. ಅಡುಗೇನೂ ಮಾಡ್ದೆ. ಆದ್ರೆ ಮ್ಮಾ, ಮುಖ ನೋಡಿ ಯಾರಿಗೂ ನೆರಳಾಗಲ್ಲ. ಶುಕ್ರವಾರ ಹೊತ್ತು ಮುಳುಗೋದರೊಳಗೆ ಶಾಮಿಯಾನ ನಿಂತಿರಬೇಕು. ನಿನ್ನ ಗಾಡಿ ಆ ದಿಣ್ಣೆ ದಾಟುತ್ತಾ, ಇಲ್ವಾ?"

"ದಾಟುತ್ತೆ," ಎಂದಳು ಒನ್ನೀಲೆ.

ಅವನು ಹೋದ ಮೇಲೆ ಮೊವಾಗಿ ಹೆಂಡತಿಯನ್ನೇ ನೋಡುತ್ತ ನಿಂತ. ಅವನು ಪ್ರಾಥಮಿಕ ಶಾಲೆಯ ಮಾಸ್ತರು, ಚರ್ಚಿನ ಹಾಡುವ ಮೇಳಕ್ಕೂ ಮಾಸ್ತರು. ಸುತ್ತಿಗೆ ಹಿಡಿದರೆ ಹೆಬ್ಬೆರಳನ್ನೇ ಹೊಡೆದುಕೊಳ್ಳುವ ಜಾತಿ. ಆ ಗಾಡಿ ಹೇಗೆ ದಾಟುತ್ತೆ ಎಂದು ಅವನು ಕೇಳಿದ. ಎತ್ತರ ಮಾಡಿದರೆ ದಾಟುತ್ತೆ ಎಂದಳು ಅವಳು.

ಮೌನ್ ಪಟ್ಟಣದ ಗ್ಯಾರೇಜಿಗೆ ಫೋನು ಮಾಡಿದರೆ, ಪ್ರವಾಸಿಗಳ ಕಾಲ ಬಂದಿದೆ, ಗಾಡಿಗಳು ಸಾಲುಗಟ್ಟಿ ನಿಂತಿವೆ, ಮಳೆ ಬಿದ್ದ ಮೇಲೆ ಬಾ ಎಂದರು. ಸಾಮಾನು ಮಾತ್ರ ಕೊಡ್ತೀರಾ ಎಂದಳು. ಜೋಡಿಸುವವರು ಯಾರು ಎಂದು ಅತ್ತಲಿಂದ ಕೇಳಿದ್ದಕ್ಕೆ, ಕೊಡ್ತೀರಾ ಅಂತ ಕೇಳಿದ್ದು ನಾನು ಎಂದಳು. ಹೊಸ ಶಾಮಿಯಾನಕ್ಕೆಂದು ಕೂಡಿಟ್ಟಿದ್ದ ಹಣ ಅದಕ್ಕೆ ಹೋಯಿತು. ಬಸ್ಸಿನ ಮೇಲೆ ಹೇರಿಕೊಂಡು ಬಂದ ಸಾಮಾನನ್ನು ಇಳಿಸಲು ನಿಲ್ದಾಣದಲ್ಲಿ ಇದ್ದಬದ್ದ ಗಂಡಸರೆಲ್ಲ ಬೇಕಾದರು: ಹೊಸ ಕಮಾನು ಪಟ್ಟಿಗಳು ನಾಲ್ಕು, ಒಂದೊಂದೂ ದನದ ಕೊಂಬಿನಂತೆ ಬಾಗಿದ್ದು, ಉದ್ದನೆಯ ಶಾಕ್ ಅಬ್ಸಾರ್ಬರುಗಳು, ಪಿನ್ನು, ಬುಶ್ಶು, ಯು-ಬೋಲ್ಟುಗಳ ಮೂಟೆ.

ಮದುವೆಯ ವಾರದ ಸೋಮವಾರ ಕೆಲಸ ಶುರುವಾಯಿತು. ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿದಳು. ಮರಳಿನಲ್ಲಿ ಜಾಕ್ ನಿಲ್ಲುವುದಿಲ್ಲ. ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ ಆಸರೆ ಕೊಡಲು ಮೊಪಾನೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದಳು. ಗೆದ್ದಲು ಕೂಡ ತಿನ್ನದ ಮರ ಅದು, ಗಾಡಿಗೆ ಹೆದರುವುದಿಲ್ಲ. ಮುಂದಿನ ಚಕ್ರ ಬಿಚ್ಚಿ, ಹಳೆಯ ಶಾಕ್ ಅಬ್ಸಾರ್ಬರು ಬಿಚ್ಚಿದಳು. ಪಟ್ಟಿಯನ್ನು ಚಕ್ರದ ಆಕ್ಸಲಿಗೆ ಬಿಗಿದಿದ್ದ ಯು-ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು, ಅವನ್ನು ಕೊಯ್ದೇ ತೆಗೆಯಬೇಕಾಯಿತು. ಪಟ್ಟಿಯ ತುದಿಯ ಬಳೆಯಂಥ ಕಣ್ಣಿನೊಳಗೆ ಕೂತಿದ್ದ ಪಿನ್ನು ಅದಕ್ಕಿಂತ ಹಟಮಾರಿ. ಡೀಸೆಲ್ ಸುರಿದು ಬಿಟ್ಟಳು, ಸುತ್ತಿಗೆಯಿಂದ ಬಡಿದಳು, ಕೆಂಡ ಹಿಡಿದು ಕಾಸಿದಳು, ಮತ್ತೆ ಬಡಿದಳು. ಮಧ್ಯಾಹ್ನ ದಾಟಿದ ಮೇಲೆ ಅದು ಸೋತು, ಟಣ್ ಎಂದು ನೆಲಕ್ಕೆ ಬಿತ್ತು.

ಅಷ್ಟು ಹೊತ್ತಿಗೆ ರ್ರಾ ಮೊಟ್ಲಾಲೆ ಬಂದಿದ್ದ. ಮೊಕೋಬಾದ ಕೆಲಸ ತನಗೆ ಸಿಗದೇ ಹೋದದ್ದು ಅವನಿಗೆ ಗೊತ್ತಾಗಿತ್ತು. ಮಡಚುವ ಕುರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ಬೇಲಿಯ ಪಕ್ಕದ ನೆರಳಿನಲ್ಲಿ ಬಿಡಿಸಿ, ನಾಟಕ ನೋಡಲು ಬಂದವನಂತೆ ಕೂತ.

"ಏನ್ ಮ್ಮಾಸೆಗಾ, ಆಮೆಗೆ ಕಾಲು ಮುರಿದು ಹೊಸ ಕಾಲು ಹಾಕ್ತಿದೀಯಂತೆ?"

"ಹೌದು ರ್ರಾ. ನೋಡಿ ಕಲ್ತ್ಕೊಳ್ಳಿ," ಎಂದಳು ಗಾಡಿಯ ಅಡಿಯಿಂದ.

ಜಿರಾಫೆಯ ಕಾಲು ಸಿಗಲಿಲ್ಲವೇ ಎಂದು ಅವನು ಕೇಳಿದ. ದಾರಿಯಲ್ಲಿ ಹೋಗುವವರಿಗೂ ಕೇಳಿಸುವಂತೆ ಕೇಳಿದ. ಮೊವಾಗಿಗೆ ಸಿಟ್ಟು ಬಂದರೂ ಬಂದವರಿಗೆ ಚಹಾ ಕೊಡದೇ ಇರಲಾಗದೆ ಒಂದು ಲೋಟ ಕೊಟ್ಟ, ಜೊತೆಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಮಗ್ವಿನ್ಯಾವನ್ನೂ ಕೊಟ್ಟ. ಮರುದಿನದಿಂದ ಅವನು ತಿಂಡಿಯ ಹೊತ್ತಿಗೆ ಸರಿಯಾಗಿ ಬರತೊಡಗಿದ.

ಮಂಗಳವಾರ ಸಂಜೆಗೆ ಮುಂದಿನ ಎರಡೂ ಪಟ್ಟಿಗಳು ಕೂತವು. ಒನ್ನೀಲೆ ಜಾಕ್ ಇಳಿಸಿ, ದೂರ ಹೋಗಿ ನಿಂತು ನೋಡಿದಳು. ಮೂತಿ ಎತ್ತರಕ್ಕೇರಿತ್ತು, ಆದರೆ ಗಾಡಿ ಕುಡಿದವನಂತೆ ಒಂದು ಪಕ್ಕಕ್ಕೆ ವಾಲಿತ್ತು. ಬೇಲಿಯ ಬದಿಯಿಂದ ನಗು ಕೇಳಿಸಿತು. ಅವಳು ಅತ್ತ ನೋಡಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ ಬಂದು ಗಂಡನನ್ನು ಕೇಳಿದಳು: ಈ ಪಟ್ಟಿಗಳ ಮೇಲೆ ಬಿಳಿ ಬಣ್ಣದ ಗೆರೆ ಏನಾದರೂ ಇತ್ತೇ? ಡ್ರೈವರ್ ಕೂರುವ ಬದಿಗೆ ಭಾರ ಹೆಚ್ಚು. ಪೆಟ್ರೋಲ್ ಟ್ಯಾಂಕಿ, ಸ್ಟೀರಿಂಗು ಎಲ್ಲ ಅತ್ತಲೇ. ಆ ಬದಿಯ ಪಟ್ಟಿಯನ್ನು ಒಂದು ಎಳೆ ಹೆಚ್ಚು ಬಾಗಿಸಿ, ಗುರುತಿಗೆ ಗೆರೆ ಹಾಕಿರುತ್ತಾರೆ.

ಮೊವಾಗಿಯ ಮುಖ ಸಣ್ಣದಾಯಿತು. ಭಾನುವಾರ ಚರ್ಚಿನಿಂದ ಬಂದವನು, ಹೆಂಡತಿಗೆ ಸಹಾಯವಾಗಲಿ ಎಂದು, ನಾಲ್ಕೂ ಪಟ್ಟಿಗಳನ್ನು ಡೀಸೆಲ್ ಬಟ್ಟೆಯಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಸಿಟ್ಟಿದ್ದ. "ಏನೋ ಕೊಳೆ ಅಂದ್ಕೊಂಡೆ," ಎಂದ ಮೆಲ್ಲಗೆ.

ಒನ್ನೀಲೆಗೆ ನಾಲಗೆಯ ತುದಿಗೆ ಏನೇನೋ ಬಂತು. ಅವನ ಕೈ ನೋಡಿದಳು. ಸೀಮೆಸುಣ್ಣ ಹಿಡಿಯುವ ಆ ಬೆರಳುಗಳ ಸಂದಿಯಲ್ಲೆಲ್ಲ ಇನ್ನೂ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. "ಚೆನ್ನಾಗಿ ಉಜ್ಜಿದೀಯ," ಎಂದಳು. "ಬಾ, ಬಿಚ್ಚೋಣ."

ಬಿಚ್ಚಿದ ಪಟ್ಟಿಗಳೆರಡನ್ನೂ ನೆಲದ ಮೇಲೆ ಕವುಚಿ ಪಕ್ಕಪಕ್ಕ ನಿಲ್ಲಿಸಿದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಒಂದರ ಬೆನ್ನು ಇನ್ನೊಂದಕ್ಕಿಂತ ಬೆರಳಗಲ ಎತ್ತರ. ಮೊದಲೇ ಹೀಗೆ ನಿಲ್ಲಿಸಿ ನೋಡಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಅದಲು ಬದಲು ಮಾಡಿ ಕೂರಿಸುವುದರಲ್ಲಿ ಬುಧವಾರ ಅರ್ಧ ಹೋಯಿತು. ಗಾಡಿ ಎತ್ತರವಾದ ಮೇಲೆ ಬ್ರೇಕಿನ ರಬ್ಬರ್ ಕೊಳವೆ ಎಳೆದು ಕಟ್ಟಿದ ದಾರದಂತೆ ಬಿಗಿಯಾಗಿತ್ತು. ಕಬ್ಬಿಣದ ಪಟ್ಟಿಯೊಂದಕ್ಕೆ ತೂತು ಕೊರೆದು, ಕೊಳವೆ ಹಿಡಿದಿದ್ದ ಕೊಂಡಿಯನ್ನೇ ಕೆಳಗಿಳಿಸಿ ಕಟ್ಟಿದಳು. ಈ ಸಲ ಜಾಕ್ ಇಳಿಸಿದಾಗ ಗಾಡಿಯ ಮೂತಿ ನೆಟ್ಟಗೆ ನಿಂತಿತು. ರ್ರಾ ಮೊಟ್ಲಾಲೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ.

ನಿಜವಾದ ಕಷ್ಟ ಇದ್ದದ್ದು ಹಿಂದೆ. ಹಿಂದಿನ ಪಟ್ಟಿಗಳು ಭಾರ ಹೊರುವಂಥವು, ಬಲು ಬಿರುಸು. ಒಂದು ತುದಿಯ ಕಣ್ಣಿಗೆ ಪಿನ್ನು ಹಾಕಿ ಚಾಸಿಗೆ ಸೇರಿಸಿದ್ದಾಯಿತು. ಇನ್ನೊಂದು ತುದಿ ಅಲ್ಲಿ ನೇತಾಡುವ ಕೊಂಡಿಗೆ ಸೇರಬೇಕು. ಆದರೆ ಹೊಸ ಪಟ್ಟಿ ಎಷ್ಟು ಬಾಗಿತ್ತೆಂದರೆ ಆ ತುದಿ ಕೊಂಡಿಯವರೆಗೆ ಬರುತ್ತಲೇ ಇರಲಿಲ್ಲ. ಅಂಗೈಯಗಲ ಕಮ್ಮಿ. ಪಟ್ಟಿಯನ್ನು ಒತ್ತಿ ಚಪ್ಪಟೆ ಮಾಡಿದರೆ ಅದು ಉದ್ದವಾಗಿ ಮುಂದೆ ಸರಿಯುತ್ತದೆ. ಅದಕ್ಕೆಂದು ಆಕ್ಸಲಿನ ಕೆಳಗೆ ಜಾಕ್ ಕೊಟ್ಟು ಎತ್ತಿದಳು. ಪಟ್ಟಿ ಬಾಗಲಿಲ್ಲ, ಇಡೀ ಗಾಡಿಯೇ ದಿಮ್ಮಿಗಳಿಂದ ಮೇಲೆದ್ದಿತು. ಖಾಲಿ ಪಿಕಪ್ಪಿನ ಬೆನ್ನಿಗೆ ಆ ಉಕ್ಕನ್ನು ಮಣಿಸುವಷ್ಟು ಭಾರವಿರಲಿಲ್ಲ.

ಕುರ್ಚಿಗಳನ್ನೆಲ್ಲ ಹೇರಿದರು. ಸಾಲಲಿಲ್ಲ. ಹಂಡೆಗಳನ್ನು ಹೇರಿದರು. ಪಟ್ಟಿ ಸ್ವಲ್ಪ ಸರಿದು, ನಿಂತುಬಿಟ್ಟಿತು. ಒನ್ನೀಲೆ ದಿಮ್ಮಿಯ ಮೇಲೆ ಕೂತು ಮುಖ ಒರೆಸಿಕೊಂಡಳು. ನಾಳೆ ಗುರುವಾರ. ನಾಡಿದ್ದು ಹೊರಡಬೇಕು. ರ್ರಾ ಹಬಾನನಿಗೆ ಫೋನು ಮಾಡಿ, ರ್ರಾ ಮೊಟ್ಲಾಲೆಗೇ ಹೇಳಿಬಿಡಿ ಎನ್ನಲು ಇನ್ನೂ ಹೊತ್ತಿದೆ ಎಂಬ ಯೋಚನೆ ಮೊದಲ ಸಲ ಬಂತು. ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

ಆಗ ಗೇಟಿನ ಹತ್ತಿರ ಮಾತುಕತೆ ಕೇಳಿಸಿತು. ಚರ್ಚಿಗೆ ಸುಣ್ಣ ಹೊಡೆಯುತ್ತಿದ್ದುದರಿಂದ ಆ ವಾರದ ಹಾಡಿನ ಅಭ್ಯಾಸವನ್ನು ಮೊವಾಗಿ ತನ್ನ ಮನೆಯ ಅಂಗಳಕ್ಕೇ ಕರೆದಿದ್ದ, ಕರೆದದ್ದನ್ನು ಪೂರಾ ಮರೆತಿದ್ದ. ಮೇಳದವರು ಹಾಡಿನ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮುಂದೆ ಎತ್ತರದ ದನಿಯ ಹೆಂಗಸರು, ಅವರ ಹಿಂದೆ ಗಟ್ಟಿಮುಟ್ಟಾದ ತಾಯಂದಿರು, ಕೊನೆಯಲ್ಲಿ ತಗ್ಗು ದನಿಯ ಗಂಡಸರು. ಅಂಗಳದ ತುಂಬ ಬಿಚ್ಚಿ ಹರಡಿದ ಗಾಡಿಯನ್ನು ಕಂಡು ಎಲ್ಲರೂ ಬಾಗಿಲಲ್ಲೇ ನಿಂತರು. ಮೊವಾಗಿ ಕೈ ಹಿಸುಕಿಕೊಳ್ಳುತ್ತ, ಇವತ್ತು ಆಗುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಶುರು ಮಾಡಿದ.

ಒನ್ನೀಲೆ ಎದ್ದು ನಿಂತಳು. ಮೇಳವನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕಣ್ಣಿನಲ್ಲೇ ತೂಗುತ್ತಿದ್ದಳು.

"ರ್ರಾಸೆಗಾ," ಎಂದು ಗಂಡನನ್ನು ಕರೆದಳು, "ಅವರನ್ನ ಕಳಿಸ್ಬೇಡ. ಗಾಡಿ ಮೇಲೆ ಹತ್ತಿಸು. ಅಲ್ಲೇ ನಿಂತು ಹಾಡ್ಲಿ."

ಮೊದಲು ದಿಮ್ಮಿಗಳನ್ನೆಲ್ಲ ಇನ್ನೊಮ್ಮೆ ಒದ್ದು ನೋಡಿದಳು, ಮುಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಟ್ಟಳು. ಕುರ್ಚಿಗಳನ್ನೂ ಹಂಡೆಗಳನ್ನೂ ಇಳಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕೈ ಹಿಡಿದು ಹತ್ತಿಸಿದರು. ಹೆಂಗಸರು ನಗುತ್ತ, ಲಂಗ ಎತ್ತಿ ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತ ಹತ್ತಿದರು. ಯಾರು ಹತ್ತಿದಾಗ ಗಾಡಿ ಹೆಚ್ಚು ಕುಸಿಯಿತು ಎಂಬುದರ ಮೇಲೆ ಜಗಳವೇ ಆಯಿತು. ಒನ್ನೀಲೆ ಜಾಕಿನ ಹಿಡಿ ಒತ್ತತೊಡಗಿದಳು. ಪಟ್ಟಿಯ ತುದಿ ಗ್ರೀಸ್ ಹಚ್ಚಿದ ಚಾಸಿಯ ಮೇಲೆ ನಿಧಾನವಾಗಿ ಜಾರಿತು. ಮೂರು ಬೆರಳಗಲ ಉಳಿಯಿತು. ಎರಡು. ಒಂದು. ಅಲ್ಲಿಗೆ ನಿಂತಿತು. ಇನ್ನೊಮ್ಮೆ ಒತ್ತಿದರೆ ಗಾಡಿಯೇ ಎದ್ದುಬಿಡುವ ಹಾಗಿತ್ತು.

ಅವಳು ತಿರುಗಿ ಬೇಲಿಯ ಕಡೆ ನೋಡಿದಳು. ಮೇಳದವರೂ ನೋಡಿದರು. ಗುಮಾರೆಯಲ್ಲೇ ಅತಿ ಭಾರದ ಮನುಷ್ಯ ಅಲ್ಲಿ ಮಗ್ವಿನ್ಯಾ ಹಿಡಿದುಕೊಂಡು ಕೂತಿದ್ದ.

"ರ್ರಾ ಮೊಟ್ಲಾಲೆ," ಎಂದಳು ಒನ್ನೀಲೆ, "ಮೂರು ದಿನದಿಂದ ನನ್ನ ಮನೆ ತಿಂಡಿ ತಿಂದಿದೀರ. ಅದನ್ನ ತಂದು ಇಲ್ಲಿ ಗಾಡಿ ಮೇಲೆ ಇಡಿ."

ಅವನಿಗೆ ಇದು ತನ್ನದೇ ವ್ಯಾಪಾರದ ಮೇಲೆ ಬೀಳುವ ಪೆಟ್ಟು ಎಂದು ಗೊತ್ತಿರಲಿಲ್ಲವೆಂದಲ್ಲ. ಆದರೆ ಅಷ್ಟು ಜನ ತನ್ನನ್ನೇ ನೋಡುತ್ತಿರುವಾಗ, ಅಷ್ಟು ಒಳ್ಳೆಯ ಮಾತು ತನ್ನ ಮೇಲೇ ಬಿದ್ದಿರುವಾಗ, ಅವನ ಮುಖದಲ್ಲಿ ಮೊದಲು ಬಂದದ್ದು ನಗು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಎದ್ದು ಬಂದ. "ಆಮೆ ಸತ್ತರೆ ನಾನು ಹೊಣೆಯಲ್ಲ," ಎಂದು ಹೇಳಿ, ನಾಲ್ಕು ಜನರ ಭುಜ ಹಿಡಿದು ಹತ್ತಿದ. ಗಾಡಿ ನರಳಿತು. ಮೊವಾಗಿ, ಇನ್ನೇನೂ ತೋಚದೆ, ಮೇಳದ ಮುಂದೆ ನಿಂತು ಎರಡೂ ಕೈ ಎತ್ತಿದ. ಹಾಡು ಶುರುವಾಯಿತು. ರ್ರಾ ಮೊಟ್ಲಾಲೆಯೂ ಹಾಡಿದ. ಅವನ ತಗ್ಗು ದನಿ ಗಾಡಿಯ ತಗಡಿನಲ್ಲೆಲ್ಲ ಗುಂಯ್ ಎಂದಿತು.

ಒನ್ನೀಲೆ ಪಕ್ಕದಲ್ಲಿ ಮಂಡಿಯೂರಿ ಜಾಕಿನ ಹಿಡಿಯನ್ನು ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ. ಪಟ್ಟಿಯ ಕಣ್ಣು ಕೊಂಡಿಯ ಕಣ್ಣಿಗೆ ಎದುರಾಯಿತು. ಒಂದರಿಂದ ಇನ್ನೊಂದರ ಮೂಲಕ ಆಚೆಯ ಬೆಳಕು ಕಾಣಿಸಿತು. ಪಿನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದಳು. ಬೆಣ್ಣೆಗೆ ಚಾಕು ಹೋದಂತೆ ಹೋಯಿತು. ಮೇಲೆ ಹಾಡು ನಿಲ್ಲಲಿಲ್ಲ. ಅವಳು ಮಸಿ ಮೆತ್ತಿದ ಕೈಯನ್ನು ಎತ್ತಿ ತೋರಿಸಿದಾಗ ಹೆಂಗಸರು ಹಾಡಿನ ನಡುವೆಯೇ ನಾಲಗೆ ತಿರುಗಿಸಿ ಉಲುಲು ಎಂದು ಕೂಗಿದರು. ಇನ್ನೊಂದು ಬದಿಗೆ ಇನ್ನೊಂದು ಹಾಡು ಸಾಕಾಯಿತು.

ಗುರುವಾರ ಇಡೀ ದಿನ ಬಿಗಿಯುವುದೇ ಕೆಲಸ. ಯು-ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿದಳು. ಪಿನ್ನುಗಳ ನಟ್ಟುಗಳನ್ನು, ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲಷ್ಟೇ ಬಿಗಿದಳು. ಮೊದಲೇ ಬಿಗಿದರೆ ಪಿನ್ನಿನ ಸುತ್ತಲಿನ ರಬ್ಬರ್ ಬುಶ್ಶು ತಿರುಚಿ ಹರಿಯುತ್ತದೆಂದು ಅಪ್ಪ ಹೇಳುತ್ತಿದ್ದ. ಮೂತಿ ಎದ್ದದ್ದರಿಂದ ದೀಪಗಳು ಮರದ ತುದಿಯ ಹಕ್ಕಿಗಳನ್ನು ನೋಡುತ್ತಿದ್ದವು, ಅವನ್ನೂ ತಗ್ಗಿಸಿದಳು. ಸಂಜೆ ಊರಿನಲ್ಲಿ ಒಂದು ಸುತ್ತು ಓಡಿಸಿದಾಗ ಗಿರಣಿಯ ಮುಂದಿದ್ದವರು ಮಾತು ನಿಲ್ಲಿಸಿ ನೋಡಿದರು. ಗಾಡಿ ಹತ್ತಲು ಒನ್ನೀಲೆಗೆ ಈಗ ಕೈ ಹಿಡಿದು ಜಗ್ಗಿಕೊಳ್ಳಬೇಕಾಗಿತ್ತು. ಕೂತ ಮೇಲೆ ಎಲ್ಲರ ಬೇಲಿಯಾಚೆಯೂ ಕಾಣುತ್ತಿತ್ತು. ನಮ್ಮೂರಲ್ಲಿ ಇಷ್ಟೊಂದು ಜನ ಮೆಣಸಿನಕಾಯಿ ಬೆಳೀತಾರೆ ಅಂತ ಗೊತ್ತೇ ಇರಲಿಲ್ಲ ಎಂದಳು ಗಂಡನಿಗೆ.

ಶುಕ್ರವಾರ ಮುಂಜಾನೆ ಹೇರಿಕೊಂಡು ಹೊರಟರು. ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಅವಳು ಇಳಿದು ಟೈರುಗಳ ಗಾಳಿ ತಗ್ಗಿಸಿದಳು, ಮುಂದಿನ ಚಕ್ರಗಳನ್ನೂ ಎಂಜಿನ್ನಿಗೆ ಸೇರಿಸಿದಳು. ಮೊವಾಗಿ ದಾರಿಯುದ್ದಕ್ಕೂ ಗುನುಗುತ್ತ ಬಂದವನು ದಿಣ್ಣೆ ಏರತೊಡಗಿದ ಜಾಗದಲ್ಲಿ ಸುಮ್ಮನಾದ. ಅಲ್ಲಿ ಜಾಡು ಇನ್ನೂ ಆಳವಾಗಿತ್ತು. ಹೋದ ವರ್ಷ ಅವರೇ ಮುರಿದು ಹಾಕಿದ ಕೊಂಬೆಗಳು ಒಣಗಿ ಬೆಳ್ಳಗಾಗಿ ಬಿದ್ದಿದ್ದವು.

ಒನ್ನೀಲೆ ನಿಲ್ಲಿಸಲಿಲ್ಲ. ಗೇರು ಇಳಿಸಿ, ಕಾಲನ್ನು ಒಂದೇ ಹದದಲ್ಲಿಟ್ಟು, ಸ್ಟೀರಿಂಗನ್ನು ಸಡಿಲವಾಗಿ ಹಿಡಿದಳು. ಗಾಡಿ ಜಾಡಿಗೆ ಇಳಿಯಿತು. ಅಡಿಯಿಂದ ಕಬ್ಬಿಣ ಮರಳನ್ನು ಕೆರೆಯುವ ಸದ್ದಿಗಾಗಿ ಇಬ್ಬರೂ ಕಿವಿಗೊಟ್ಟು ಕಾದರು. ಬಂದದ್ದು ಹುಲ್ಲಿನ ಸದ್ದು. ದಿಣ್ಣೆಯ ಮೇಲಿನ ಒಣಹುಲ್ಲು ಗಾಡಿಯ ಹೊಟ್ಟೆಗೆ ಸರಸರ ಸವರುತ್ತ ಹಿಂದೆ ಸರಿಯಿತು, ಕಸಬರಿಕೆಯಿಂದ ಅಂಗಳ ಗುಡಿಸಿದ ಹಾಗೆ. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಕೊನೆಯ ಏರಿನಲ್ಲಿ ಹಿಂದಿನ ಚಕ್ರ ಕೊಂಚ ಜಾರಿ, ಪಟ್ಟಿ ಒಮ್ಮೆ ಬಾಗಿ ಎದ್ದು, ಗಾಡಿ ಮೇಲೆ ಬಂತು. ಎದುರಿಗೆ ಬಯಲು, ಬಯಲಿನಾಚೆ ಮೊಕೋಬಾದ ಹುಲ್ಲು ಚಾವಣಿಗಳು.

ಮೊವಾಗಿ ಇನ್ನೂ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದ. "ದಾಟಿದ್ವಾ?" ಎಂದು ಕೇಳಿದ.

"ಕಣ್ಣು ಬಿಡು, ರ್ರಾ," ಎಂದಳು ಒನ್ನೀಲೆ. ಆಮೇಲೆ ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ದಾರಿ ಮಸುಕಾಗಿ, ಗಾಡಿ ನಿಲ್ಲಿಸಿ ಒರೆಸಿಕೊಳ್ಳಬೇಕಾಯಿತು.

ಮಧ್ಯಾಹ್ನಕ್ಕೆಲ್ಲ ಶಾಮಿಯಾನ ನಿಂತಿತ್ತು. ರ್ರಾ ಹಬಾನ ಹೇಳಿದ ಹೊತ್ತಿಗಿಂತ ಎಷ್ಟೋ ಮುಂಚೆ. ಅವನು ಶಾಮಿಯಾನವನ್ನು ನೋಡುವ ಮೊದಲು ಗಾಡಿಯ ಹತ್ತಿರ ಹೋಗಿ, ಬಗ್ಗಿ, ಅದರ ಹೊಟ್ಟೆಯ ಕೆಳಗಿನಿಂದ ಆಚೆ ನಿಂತ ಆಡುಗಳನ್ನು ನೋಡಿದ. ಎದ್ದು ಬಂದು ಒನ್ನೀಲೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಮನೆಯ ಹೆಂಗಸರಿಗೆ ತಾನು ಏನು ಹೇಳಿದ್ದೆ ಎಂಬುದನ್ನು ಆ ದಿನವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿದ.

ಶನಿವಾರ ಬಿಸಿಲು ಹೋದ ವರ್ಷದಷ್ಟೇ ಖಾರವಾಗಿತ್ತು. ಮದುಮಗಳ ಅಜ್ಜಿ ಬಂದು ಶಾಮಿಯಾನದ ಬಟ್ಟೆ ಹಿಡಿದು ನೋಡಿ, ನಡುಮಧ್ಯದ ಕುರ್ಚಿ ಆರಿಸಿ ಕೂತಳು. ಮದುಮಗಳು ಒಳಗೆ ಬಂದಾಗ ಮುಖದ ಬಣ್ಣ ಹಚ್ಚಿದ ಹಾಗೇ ಇತ್ತು. ಅಕ್ಕನೂ ಜೊತೆಗೆ ಬಂದಳು, ತನ್ನ ಮದುವೆಗೆ ಸಿಗದ ನೆರಳಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹಂಡೆಗಳಲ್ಲಿ ಕುಟ್ಟಿದ ಮಾಂಸ ಬೆಂದಿತ್ತು, ಬೊಗೊಬೆ ಮುದ್ದೆ ಹೊಗೆಯಾಡುತ್ತಿತ್ತು. ಊಟವಾದ ಮೇಲೆ ಮದುಮಗಳ ಅಕ್ಕನೇ ಎದ್ದು ಬಂದು ಒನ್ನೀಲೆಯನ್ನು ಕುಣಿತಕ್ಕೆ ಎಳೆದಳು. ಸೌಟು ಕೈಯಲ್ಲೇ ಇತ್ತು, ಅದನ್ನೇ ಎತ್ತಿ ಹಿಡಿದುಕೊಂಡು ಒನ್ನೀಲೆ ಕುಣಿದಳು. ಸುತ್ತ ಧೂಳೆದ್ದಿತು.

ಭಾನುವಾರ ಊರಿಗೆ ವಾಪಸು ಬಂದು, ದಾರಿಯಲ್ಲಿ ಸಡಿಲಾಗಿದ್ದ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಲು ಗಾಡಿಯ ಕೆಳಗೆ ತೂರಿದ್ದಳು. ಗೇಟಿನ ಹತ್ತಿರ ರ್ರಾ ಮೊಟ್ಲಾಲೆಯ ಲಾರಿ ನಿಂತಿತು. ಅವನು ಇಳಿದು, ಸ್ವಲ್ಪ ಹೊತ್ತು ಅವಳ ಗಾಡಿಯನ್ನೂ ತನ್ನ ಲಾರಿಯನ್ನೂ ನೋಡಿ, ತನ್ನದರ ಹಿಂದಿನ ಎಡಪಟ್ಟಿಯ ಒಂದು ಪದರ ಸೀಳಿದೆ, ಮೌನಿನ ಗ್ಯಾರೇಜಿನವರು ಮಳೆ ಬಿದ್ದ ಮೇಲೆ ಬಾ ಅನ್ನುತ್ತಾರೆ ಎಂದ. ಒನ್ನೀಲೆ ಕೆಳಗಿನಿಂದ ತಲೆ ಹೊರಗೆ ಹಾಕಿದಳು. ಹೇಳಬಹುದಾದ ಮಾತುಗಳು ಬೇಕಾದಷ್ಟಿದ್ದವು. ಬುಧವಾರ ಬನ್ನಿ, ಅವತ್ತು ಮೇಳದವರೂ ಇರ್ತಾರೆ ಎಂದಳು.

ಆ ವರ್ಷದಿಂದ ಅವಳ ಅಂಗಳ ಖಾಲಿ ಬಿದ್ದದ್ದು ಕಡಿಮೆ. ದನದ ದೊಡ್ಡಿಯವರ ಪಿಕಪ್ಪು, ಶಾಲೆಗೆ ಸಾಮಾನು ಒಯ್ಯುವವರ ಗಾಡಿ, ದೂರದ ಹಳ್ಳಿಗಳಿಗೆ ಔಷಧ ಸಾಗಿಸುವ ಗಾಡಿ, ಎಲ್ಲವೂ ಒಂದೊಂದು ಸಲ ಆ ಮೊಪಾನೆ ದಿಮ್ಮಿಗಳ ಮೇಲೆ ಕೂತು ಎತ್ತರವಾಗಿ ಹೋದವು. ಮೊವಾಗಿ ಯಾವ ಪಟ್ಟಿಯನ್ನೂ ಒರೆಸುವುದಿಲ್ಲವೆಂದು ಮಾತು ಕೊಟ್ಟು, ಪಾನಾಗಳನ್ನು ಅಳತೆಯ ಪ್ರಕಾರ ಗೋಡೆಗೆ ನೇತುಹಾಕುವ ಕೆಲಸ ವಹಿಸಿಕೊಂಡ. ಅದನ್ನು ಶಾಲೆಯ ಕಪಾಟಿನಷ್ಟೇ ಚೊಕ್ಕಟವಾಗಿ ಇಟ್ಟ.

ಮೊಕೋಬಾದಿಂದಾಚೆಗೂ ಆ ಮರಳು ದಾರಿ ಹೋಗುತ್ತದೆ. ಅಲ್ಲಿನ ಹಳ್ಳಿಗಳಿಗೆ ಅವಳು ಅದುವರೆಗೆ ಹೋದವಳೇ ಅಲ್ಲ. ಆ ಕಡೆಯವರು ಶಾಮಿಯಾನ ಕೇಳಿದವರೂ ಅಲ್ಲ. ಮಳೆ ಬೀಳುವ ಮುಂಚೆ ಅತ್ತಲಿಂದ ಒಬ್ಬ ಸೋದರಮಾವ ಲಾರಿ ಹಿಡಿದು ಬಂದು ಅವಳ ಮನೆ ವಿಚಾರಿಸಿದ. ಆ ಊರಲ್ಲಿ ಮದುವೆಗೆ ಶಾಮಿಯಾನ ನಿಂತದ್ದು ಅದೇ ಮೊದಲು. ಗಳು ಏರಿಸಿ, ಹಗ್ಗ ಬಿಗಿದು, ಬಿಳಿ ಬಟ್ಟೆ ಗಾಳಿಗೆ ಉಬ್ಬಿ ನಿಂತಾಗ ಊರಿಗೆ ಊರೇ ನೋಡಲು ಬಂತು. ಒನ್ನೀಲೆ ಹಂಡೆಗಳ ಕೆಳಗೆ ಬೆಂಕಿ ಹೊತ್ತಿಸಿ, ಎಲ್ಲರೂ ಒಳಗೆ ಬಂದು ಕೂತುಕೊಳ್ಳಿ ಎಂದು ಕರೆದಳು.